ಕಾಲು ಹಿಡಿಯುವ ವಿದ್ಯೆ

“ಬೇರೆಯವರ ಕಾಲು ಹಿಡಿಯುವುದಕ್ಕೆ ಬೆಂಗಳೂರಿನವರೆಗೆ ಹೋಗಬೇಕೆ? ಅದನ್ನು ಇಲ್ಲಿದ್ದೇ ಕಲಿಯಬಹುದಲ್ಲ!”

ಇದು ನನ್ನ ವಿದ್ಯಾರ್ಥಿಯೊಬ್ಬನ ತಂದೆಯವರ ಮಾತು. ಹುಡುಗ ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಎಡಮೂಲೆ ಕಾಯುವವನು. ದಾಳಿಗೆ ಬಂದವನ ಕಣಕಾಲು ಅವನ ಕೈಗೆ ಸಿಕ್ಕಿತೆಂದರೆ ಅದು ಉಡದ ಹಿಡಿತ. ಬೆಂಗಳೂರಿನ ಆಯ್ಕೆ ಶಿಬಿರವೊಂದರಿಂದ ಅವನಿಗೆ ಕರೆ ಬಂದಿತ್ತು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ತಂದೆಯವರು ಒಪ್ಪಿರಲಿಲ್ಲ.

ಒಂದು ಭಾನುವಾರ ಹುಡುಗ ನನ್ನನ್ನು ವಿದುರಾಶ್ವತ್ಥಕ್ಕೆ ಕರೆದೊಯ್ದ. ಅವನ ಹಳ್ಳಿ ಅಲ್ಲಿಂದ ಸಮೀಪ. ವಿದುರ ನೆಟ್ಟನೆಂದು ಹಿರಿಯರು ಹೇಳುತ್ತಿದ್ದ ಹಳೆಯ ಅಶ್ವತ್ಥವೃಕ್ಷ 2001ರಲ್ಲಿ ಬಿದ್ದುಹೋಯಿತು. ಹರಕೆಯ ನಾಗರಕಲ್ಲುಗಳು ಮಾತ್ರ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ವೀರಸೌಧವನ್ನು ನೋಡಿಕೊಂಡು ಬಂದು ಆ ಕಲ್ಲುಗಳ ಬದಿಯಲ್ಲಿ ಕುಳಿತಾಗ ಅವನು ಮೆಲ್ಲನೆ ಬಾಯಿಬಿಟ್ಟ: “ಅಪ್ಪನಿಗೆ ನೀವೊಂದು ಮಾತು ಹೇಳಿ ಸಾರ್. ನಿಮ್ಮ ಮಾತು ಕೇಳುತ್ತಾರೆ.”

ನಾನು ತಕ್ಷಣ ಉತ್ತರಿಸಲಿಲ್ಲ. ಹಿಡಿಯುವವನ ಬಾಳು ಎಂಥದೆಂಬುದು ನನಗೆ ಗೊತ್ತು.

ಕಬಡ್ಡಿಯಲ್ಲಿ ದಾಳಿಗೆ ಹೋಗುವವನು ಒಬ್ಬ. ಎದುರಿಗೆ ಹೆಚ್ಚೆಂದರೆ ಏಳು ಜನ. ಮೂವತ್ತು ಸೆಕೆಂಡುಗಳಲ್ಲಿ ಅವನು ಮುಟ್ಟಿ ಮರಳಬೇಕು. ಮೂವರನ್ನು ಮುಟ್ಟಿ ಬಂದರೆ ಮೂರು ಅಂಕ. ಅವನನ್ನು ಕೆಡವಿದವರಿಗಾದರೋ ಸಾಧಾರಣವಾಗಿ ಒಂದೇ ಅಂಕ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿದ್ದಾಗ ಮಾತ್ರ ಎರಡು. ಒಂದು ಪಂದ್ಯದಲ್ಲಿ ಹತ್ತು ಅಂಕ ತಂದ ದಾಳಿಗಾರನಿಗೆ ‘ಸೂಪರ್ ಟೆನ್’ ಎಂಬ ಬಿರುದಾದರೆ, ಹಿಡಿಯುವವನಿಗೆ ಐದಕ್ಕೇ ‘ಹೈ ಫೈವ್’. ಅವನ ಪಾಲು ಅರ್ಧವೆಂದು ಆಟವೇ ಒಪ್ಪಿಕೊಂಡಂತಾಯಿತು! ನೋಡುವವರ ಮನಸ್ಸೂ ಒಳಹೊಕ್ಕವನ ಕಡೆಗೇ ವಾಲುತ್ತದೆ. ಅಭಿಮನ್ಯುವಿನ ಕಥೆ ಕೇಳಿ ಬೆಳೆದ ನಾಡಲ್ಲವೆ? ಅಭಿಮನ್ಯು ಎಂಬ ಹುಡುಗರು ನನ್ನ ತರಗತಿಯಲ್ಲಿಯೇ ಇಬ್ಬರಿದ್ದಾರೆ. ವ್ಯೂಹದ ಬಾಗಿಲು ಕಾದ ಜಯದ್ರಥನ ಹೆಸರನ್ನು ಹಾಜರಿಯಲ್ಲಿ ನಾನಿನ್ನೂ ಕೂಗಿಲ್ಲ.

ಹುಡುಗ ಮಾತ್ರ ಲೆಕ್ಕ ಕಲಿತೇ ಬಂದಿದ್ದ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಕಾಲ ಬದಲಾಗಿದೆಯೆಂದು ವಾದಿಸಿದ. 2018ರ ಹರಾಜಿನಲ್ಲಿ ಇರಾನಿನ ಫಜಲ್ ಅತ್ರಾಚಲಿಗೆ ಒಂದು ಕೋಟಿ ರೂಪಾಯಿ. ಆತನೂ ಎಡಮೂಲೆಯವನೇ. 2023ರಲ್ಲಿ ಅದೇ ದೇಶದ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ ಕೊಟ್ಟದ್ದು ಎರಡು ಕೋಟಿ ಮೂವತ್ತೈದು ಲಕ್ಷ. ಆ ಸಲ ಆತ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪಲ್ಟನ್ ಪ್ರಶಸ್ತಿ ಗೆದ್ದಿತು. “ಆ ತಂಡದ ಗುರು ಯಾರು ಹೇಳಿ ಸಾರ್! ನಮ್ಮ ಬಿ.ಸಿ. ರಮೇಶ್!” ಎಂದ, ಸ್ವಂತ ಚಿಕ್ಕಪ್ಪನೆಂಬಂತೆ. 2001ರ ಅರ್ಜುನ ಪ್ರಶಸ್ತಿ ಪಡೆದ ಈ ಕನ್ನಡಿಗರು 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ ಗೆಲ್ಲಿಸಿದ್ದರು. ಆಟ ಬಿಟ್ಟ ಮೇಲೂ ಆಟದಲ್ಲಿಯೇ ಬಾಳು ಕಟ್ಟಿಕೊಂಡವರಿದ್ದಾರೆ ಎಂಬುದು ಹುಡುಗನ ಇಂಗಿತ.

ಎಲ್ಲವೂ ನಿಜ. ಆದರೆ ಕೋಟಿಯ ಹೆಸರುಗಳು ಬೆರಳೆಣಿಕೆಯವು. ಲೀಗಿನ ಋತುವೋ ಕೆಲವೇ ತಿಂಗಳು. ಉಳಿದವರು ಇಂದಿಗೂ ರೈಲ್ವೆ, ಪೊಲೀಸು, ಬ್ಯಾಂಕುಗಳ ಕ್ರೀಡಾ ಮೀಸಲಾತಿಯ ನೌಕರಿಗಾಗಿ ಕಾಯುತ್ತಾರೆ.

ಇನ್ನೊಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. 2010ರಲ್ಲಿ ನಾನೂ ಮೂಲೆಯಲ್ಲಿ ನಿಂತವನು. ಅಂತರಕಾಲೇಜು ಪಂದ್ಯ, ಮಣ್ಣಿನ ಅಂಕಣ. ದಾಳಿಗಾರನ ತೊಡೆಯನ್ನು ತಬ್ಬಿ ಹಿಡಿದಿದ್ದೆ. ಅವನು ತಿರುಗಿದ, ಅವನೊಡನೆ ನನ್ನ ಮೈ ತಿರುಗಿತು, ನೆಲದಲ್ಲಿ ಊರಿದ ಪಾದ ತಿರುಗಲಿಲ್ಲ. ಒಣ ಬಿದಿರು ಸೀಳಿದ ಸದ್ದು. ಹಿಡಿತವನ್ನು ಬಿಡಲಿಲ್ಲವೆಂಬುದೂ ತಂಡಕ್ಕೆ ಒಂದು ಅಂಕ ಬಂದಿತೆಂಬುದೂ ಆಮೇಲೆ ತಿಳಿಯಿತು. ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಎರಡು ತಿಂಗಳು ನನ್ನ ತಂದೆಯವರು ನನ್ನನ್ನು ಎತ್ತಿಕೊಂಡೇ ಬಚ್ಚಲುಮನೆಗೆ ಒಯ್ದರು. ಕನ್ನಡ ಎಂ.ಎ.ಗೆ ಸೇರಿದ್ದು ಸಾಹಿತ್ಯದ ಪ್ರೀತಿಯಿಂದ ಎಂದು ವಿದ್ಯಾರ್ಥಿಗಳ ಮುಂದೆ ಹೇಳಿಕೊಳ್ಳುತ್ತೇನೆ. ಅದರಲ್ಲಿ ಮೊಣಕಾಲಿನ ಪಾಲೂ ಉಂಟು.

ಇದನ್ನು ಹುಡುಗನಿಗೆ ಹೇಳಲಿಲ್ಲ. ಹೇಳಿದ್ದರೆ ತಂದೆಯವರ ಕಡೆ ಸೇರಿದಂತಾಗುತ್ತಿತ್ತು.

ಸಂಜೆ ಅವನ ಮನೆಗೆ ಹೋದೆವು. ತಂದೆಯವರು ಚಾಪೆ ಹಾಸಿದರು. ಚಕ್ಕಳಮಕ್ಕಳ ಹಾಕಿ ಕೂರಲು ನನಗಾಗದು. ಒಂದು ಕಾಲನ್ನು ಚಾಚಿ, ಗೋಡೆಗೆ ಒರಗಿ ಹೇಗೋ ಕುಳಿತೆ. ಹುಡುಗನ ಆಟವನ್ನು ಹೊಗಳಿದೆ, ರಮೇಶ್ ಅವರ ವಿಷಯ ಹೇಳಿದೆ, ಕೋಟಿಗಳ ಮಾತನ್ನೂ ಎತ್ತಿದೆ. ಅವರ ದೃಷ್ಟಿ ಮಾತ್ರ ನನ್ನ ಕಾಲಿನ ಮೇಲೆಯೇ ಇತ್ತು.

“ಮೇಷ್ಟ್ರೇ, ಮೊಣಕಾಲಿಗೆ ಏನಾಗಿದೆ?”

ಹುಡುಗ ನನ್ನ ಮುಖ ನೋಡಿದ. ಸುಳ್ಳು ಹೇಳಬಹುದಿತ್ತು. ನಡೆದದ್ದನ್ನು ನಡೆದಂತೆಯೇ ಹೇಳಿದೆ.

ಒಳಗೆ ತಟ್ಟೆಗಳ ಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು.

“ಅಷ್ಟಾದರೂ ಹಿಡಿದದ್ದನ್ನು ಬಿಡಲಿಲ್ಲವೆ?” ಎಂದರು.

“ಇಲ್ಲ.”

“ಆ ಶಿಬಿರದಲ್ಲಿ ಡಾಕ್ಟರು ಇರುತ್ತಾರೆಯೆ?”

ನನಗೆ ತಿಳಿದಿರಲಿಲ್ಲ. ಬೆಳಗ್ಗೆ ವಿಚಾರಿಸಿ ತಿಳಿಸುತ್ತೇನೆಂದು ಹೇಳಿ ಮೇಲೇಳಹೊರಟೆ. ಹುಡುಗ ಒಂದು ಕಡೆಯಿಂದ ಕೈ ಕೊಟ್ಟ. ಇನ್ನೊಂದು ಕಡೆಯಿಂದ ಅವನ ತಂದೆ.