ಜಗುಲಿಯ ಕಡಜದ ಗೂಡು



ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕಿಯವರು ಅಪ್ಪಣೆ ಮಾಡಿದಾಗ, ನನ್ನ ಮಗಳ ವಿಷಯವಲ್ಲದೆ ಬೇರೊಂದು ಮನಸ್ಸಿಗೆ ತೋರಲಿಲ್ಲ. ಅವಳು ಬೆಂಗಳೂರಿನಲ್ಲಿ ಜೀವವಿಕಾಸ ಶಾಸ್ತ್ರದ ಸಂಶೋಧನೆಯಲ್ಲಿ ತೊಡಗಿರುವಳು. "ಅದರಿಂದ ಯಾವ ಉದ್ಯೋಗ ದೊರೆಯುವುದು?" ಎಂದು ನನ್ನನ್ನು ಕೇಳದ ಬಂಧುಗಳಿಲ್ಲ.

ಮಿಡಿಗೇಶಿಯ ನಮ್ಮ ಮನೆಯ ಜಗುಲಿಯ ತೊಲೆಗೆ ಒಮ್ಮೆ ಕಡಜಗಳು ಗೂಡು ಕಟ್ಟಿದ್ದವು. ಆಗ ಹದಿನಾಲ್ಕು ವರ್ಷದವಳಾಗಿದ್ದ ಮಗಳು ಮುಂಜಾನೆಯ ತಂಪಿನಲ್ಲಿ ಕಡ್ಡಿಯ ತುದಿಯಿಂದ ಅವುಗಳ ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು, ಕೋಟೆಯ ಬೆಟ್ಟಕ್ಕೆ ಬಿಸಿಲೇರುವವರೆಗೂ ಪುಸ್ತಕ ಹಿಡಿದು ಕುಳಿತಿರುವಳು. ಮೂರು ವಾರ ಹೀಗೆ ನಡೆಯಿತು. ಕಿರಿಯ ಮಗನಿಗೆ ಒಂದು ಕುಟುಕಿದ ದಿನ ನಾನು ಬೇವಿನ ಸೊಪ್ಪಿನ ಹೊಗೆ ಹಾಕಿಸಿ ಗೂಡನ್ನು ಕೆಡವಿಸಿದೆನು. ಮಗಳು ಅಳಲಿಲ್ಲ. ಪುಸ್ತಕದಲ್ಲಿ ಆ ದಿನದ ತಾರೀಖನ್ನು ಬರೆದು, ಅದರ ಮುಂದೆ "ಅಮ್ಮ" ಎಂದಷ್ಟೇ ಬರೆದಿದ್ದಳು.

ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಎಂಬವರ ಹೆಸರನ್ನು ನಾನು ಕೇಳಿದ್ದು ಬಹಳ ತಡವಾಗಿ. 1979ರಲ್ಲಿ ಆಣ್ವಿಕ ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು, ಆ ಮಾರ್ಗವನ್ನು ಬಿಟ್ಟು ಇಂತಹ ಕಡಜಗಳನ್ನೇ ದಶಕಗಳ ಕಾಲ ನೋಡಿದರು. 2001ರಲ್ಲಿ ಒಂದೇ ಜಾತಿಯ ಕಡಜವನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅವರ ಮುಖ್ಯ ಸಾಧನವೂ ಬಣ್ಣದ ಚುಕ್ಕೆ, ಪುಸ್ತಕ, ತಾಳ್ಮೆಗಳೇ ಎಂದು ತಿಳಿದಾಗ ನನಗೆ ನಾಚಿಕೆಯಾಯಿತು. ಆ ಕಡಜದ ರಾಣಿಯು ರೂಪದಲ್ಲಿ ಉಳಿದವರಿಂದ ಬೇರೆಯಲ್ಲ, ಬಲು ಶಾಂತಳು. ಅವಳನ್ನು ತೆಗೆದುಬಿಟ್ಟರೆ ಕೆಲಸಗಾರ್ತಿಯೊಬ್ಬಳು ಕೂಡಲೇ ಉಗ್ರಳಾಗುವಳು. ಕೆಲವು ದಿನಗಳಲ್ಲಿ ಮೊಟ್ಟೆಯಿಡತೊಡಗಿ ತಾನೂ ಶಾಂತಳಾಗುವಳು. ಅವಳು ಯಾರೆಂಬುದನ್ನು ನೋಡುವವರು ಮೊದಲೇ ಹೇಳಲಾರರು. ತಾನು ಹೆರದೆ ಇನ್ನೊಬ್ಬಳ ಮಕ್ಕಳನ್ನು ಸಾಕುವ ಗುಣವು ವಿಕಾಸದಲ್ಲಿ ಹೇಗೆ ಉಳಿಯಿತೆಂಬುದು ಡಾರ್ವಿನ್ನನನ್ನೂ ಕಾಡಿದ ಪ್ರಶ್ನೆ. ರಕ್ತಸಂಬಂಧವೇ ಕಾರಣವೆಂದು 1964ರಲ್ಲಿ ಹ್ಯಾಮಿಲ್ಟನ್ ಲೆಕ್ಕ ತೋರಿಸಿದನು. ಈ ಕಡಜಗಳಲ್ಲಿ ಅದೊಂದೇ ಸಾಲದೆಂದು ಗದಗಕರರು ಕಂಡರು. ಸೊಸೆ, ಅತ್ತಿಗೆ, ನಾದಿನಿಯರ ಮಕ್ಕಳನ್ನು ಸಾಕಿದ ನಮ್ಮಂಥವರಿಗೆ ಇದು ಅಷ್ಟೇನೂ ಆಶ್ಚರ್ಯವಲ್ಲ!

ಮಗಳು ವೈದ್ಯಳಾಗಲೆಂಬ ಅವಳ ತಂದೆಯ ಆಸೆಗೆ ನಾನೂ ದನಿಗೂಡಿಸಿದ್ದೆನು. ಕಡೆಗೆ ಒಪ್ಪಿದ್ದು ಆ ಪುಸ್ತಕದ ಒಂದು ಪದದ ಭಾರದಿಂದ. ಈಗ ಪೋಷಕರಿಗೆ ಸತ್ಯವನ್ನೇ ಹೇಳಬೇಕು. ಪರೀಕ್ಷೆ ಗೆದ್ದು ಪಡೆಯುವ ಶಿಷ್ಯವೇತನವು 2023ರಲ್ಲಿ ನಿಗದಿಯಾದಂತೆ ಮೊದಲು ತಿಂಗಳಿಗೆ 37,000, ಬಳಿಕ 42,000 ರೂಪಾಯಿ. ಅದು ಐದು ವರ್ಷಕ್ಕೆ ನಿಲ್ಲುವುದು, ಕೆಲಸವು ನಿಲ್ಲುವುದಿಲ್ಲ. ಆಮೇಲೆ ಹೊರದೇಶದಲ್ಲಿಯೋ ಇಲ್ಲಿಯೋ ಇನ್ನೂ ಕೆಲವು ವರ್ಷದ ಶಿಷ್ಯವೃತ್ತಿ. ಖಾಯಂ ಹುದ್ದೆಗಳು ವಿರಳ. ಅವಳಿಗೆ ಇದು ಐದನೆಯ ವರ್ಷ. ಬಂದ ಸಂಬಂಧಗಳೆರಡು ಕಾಯದೆ ಹೋದವು. ಆರನೆಯ ವರ್ಷಕ್ಕೆಂದು ನಾನು ಸ್ವಲ್ಪ ಹಣ ತೆಗೆದಿಟ್ಟಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.

ಕಳೆದ ತಿಂಗಳು ಅದೇ ತೊಲೆಗೆ ಹೊಸ ಗೂಡು ಬಿದ್ದಿದೆ. ದೂರವಾಣಿಯಲ್ಲಿ ತಿಳಿಸಿದೆನು.

"ಎಷ್ಟು ಕಡಜಗಳಿವೆಯಮ್ಮ?" ಎಂದಳು.

ನಾನು ಕನ್ನಡಕ ಹಾಕಿಕೊಂಡು ಹೋಗಿ ಎಣಿಸಿದೆನು. ಒಂಬತ್ತು.