ಮಗು ನೋಡ್ಕೊಳ್ಳೋದು ಅಷ್ಟೇ

ಬೆಳಿಗ್ಗೆ ಏಳು ಗಂಟೆ. ಭದ್ರಾವತಿ ಬಸ್ ನಿಲ್ದಾಣದಲ್ಲಿ ನವೆಂಬರಿನ ಮಂಜು ಇನ್ನೂ ಕರಗಿಲ್ಲ. ಖಾಸಗಿ ಬಸ್ಸಿನ ಹುಡುಗ ಬಾಗಿಲು ತಟ್ಟುತ್ತಾ "ಶಿಮೊಗ್ಗ, ಶಿಮೊಗ್ಗ" ಎಂದು ಒಂದೇ ಉಸಿರಿಗೆ ಕೂಗುತ್ತಿದ್ದಾನೆ. ಕೂರಲು ಜಾಗವೂ ಇದೆ. ನಾನು ಹತ್ತಲು ಹೊರಟರೆ ಜೊತೆಯಲ್ಲಿದ್ದವರು ಮೆಲ್ಲಗೆ ಕೈ ಹಿಡಿದು ನಿಲ್ಲಿಸುತ್ತಾರೆ.

"ತಡೀರಿ ಅಕ್ಕ, ಹಿಂದೆ ಸರ್ಕಾರಿ ಬಸ್ ಬರುತ್ತೆ. ಹೋಗಿ ಬರೋಕೆ ದುಡ್ಡು ಕೊಟ್ರೆ ಆ ಸಂಬಳದಲ್ಲಿ ಉಳಿಯೋದೇನು?"

ಆ ಸಂಬಳ ಎಂದರೆ ತಿಂಗಳಿಗೆ ಐದು ಸಾವಿರ. ಆ ಮಾತನ್ನು ಅವರ ಮನೆ ಬಾಗಿಲಿಗೆ ಹೊತ್ತು ತಂದವಳು ನಾನೇ.

ಶಿವಮೊಗ್ಗದ ಗೋಪಾಳದಲ್ಲಿರುವ ನನ್ನ ಅಕ್ಕನ ಮಗಳಿಗೆ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ 26 ವಾರ. ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವವಳು, ಅವಳ ಗಂಡ ಬ್ಯಾಂಕಿನಲ್ಲಿ. ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಮನೆ ಬಿಡಬೇಕು. "ಚಿಕ್ಕಮ್ಮ, ನಿಮ್ಮ ಭದ್ರಾವತಿ ಕಡೆ ಯಾರಾದ್ರೂ ಒಬ್ಳು ಸಿಕ್ತಾಳಾ ನೋಡಿ. ಮಗು ನೋಡ್ಕೊಳ್ಳೋದು ಅಷ್ಟೇ, ಬೇರೆ ಏನೂ ಕೆಲಸ ಇಲ್ಲ. ಎಂಟರಿಂದ ಆರೂವರೆ. ಭಾನುವಾರ ರಜ. ಐದು ಕೊಡ್ತೀವಿ" ಅಂದಿದ್ದಳು. ನಾನು ಲೆಕ್ಕ ಹಾಕಲಿಲ್ಲ. ಜನ್ನಾಪುರಕ್ಕೆ ಹೋಗಿ, ಮೂರು ಮನೆಯ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದ ಇವರಿಗೆ ಹೇಳಿಬಿಟ್ಟೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. "ಮಗು ನೋಡಿ ಹೇಳ್ತೀನಿ" ಅಂದರು.

ಕೆಂಪು ಬಸ್ಸು ಬರುತ್ತದೆ. ನೂಕುನುಗ್ಗಲಿನಲ್ಲಿ ಕಿಟಕಿ ಪಕ್ಕ ಅವರಿಗೊಂದು ಜಾಗ ಸಿಗುತ್ತದೆ, ಒತ್ತರಿಸಿಕೊಂಡು ನನಗೂ ಅರ್ಧ ಸೀಟು ಮಾಡಿಕೊಡುತ್ತಾರೆ. ಆಧಾರ್ ತೋರಿಸಿದ ಮೇಲೆ ಕಂಡಕ್ಟರ್ ಹರಿದು ಕೊಡುವ, ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಚೀಟಿಯನ್ನು ಮಡಚಿ ಬಳೆಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ. 2023ರ ಜೂನ್ 11ರಿಂದ ಈ ಚೀಟಿ ಇರದಿದ್ದರೆ ಭದ್ರಾವತಿಯಿಂದ ಎಷ್ಟು ಹೆಂಗಸರು ಶಿವಮೊಗ್ಗದ ಮನೆಗೆಲಸಕ್ಕೆ ಬರುತ್ತಿದ್ದರೋ! ಒಂದು ಮಾತನ್ನು ಮಾತ್ರ ಇಲ್ಲಿಯೇ ಹೇಳಬೇಕು. ಬಸ್ಸು ಉಚಿತ, ಗೃಹಲಕ್ಷ್ಮಿಯ ಎರಡು ಸಾವಿರ ಬೇರೆ ಬರುತ್ತಲ್ಲ ಎಂದು ಸಂಬಳ ಇಳಿಸುವವರನ್ನು ನಾನು ಕಂಡಿದ್ದೇನೆ. ಸರ್ಕಾರ ಆ ಹೆಂಗಸಿನ ಕೈಗೆ ಕೊಟ್ಟಿದ್ದನ್ನು ನಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವುದು ಅನ್ಯಾಯ.

ಕಡದಕಟ್ಟೆ ದಾಟುವಾಗ ಅವರು ಮಾತಿಗೆ ಶುರುಮಾಡುತ್ತಾರೆ. ಯಜಮಾನರು ಪೇಪರ್ ಮಿಲ್‌ನಲ್ಲಿ ಗುತ್ತಿಗೆಯ ಮೇಲೆ ಇದ್ದವರು. 1936ರಲ್ಲಿ ಹುಟ್ಟಿದ ಆ ಕಾರ್ಖಾನೆ 2015ರಲ್ಲಿ ನಿಂತಿತು. ಆಮೇಲೆ ಉಕ್ಕಿನ ಕಾರ್ಖಾನೆಯಲ್ಲಿ ಒಂದಿಷ್ಟು ದಿನ ಗುತ್ತಿಗೆ ಕೆಲಸ. 1923ರಲ್ಲಿ ಶುರುವಾದ ಅದನ್ನೂ ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರ ಧರಣಿಯಲ್ಲಿ ಅವರೂ ಕೂತಿದ್ದರು. ಈಗ ಕೂಲಿ ಸಿಕ್ಕಿದ ಕಡೆ ಹೋಗುತ್ತಾರೆ.

"ನಮ್ಮೂರಲ್ಲಿ ಮೊದಲು ಗಡಿಯಾರ ಯಾರಿಗೂ ಬೇಕಿರ್ಲಿಲ್ಲ ಅಕ್ಕ. ಸೈರನ್ ಕೇಳಿ ಅನ್ನಕ್ಕೆ ಇಡ್ತಿದ್ವಿ. ಇವ್ರು ಎಂಟು ಗಂಟೆ ಮೇಲೆ ನಿಂತ್ರೆ ಓ.ಟಿ. ಬರ್ತಿತ್ತು, ಡಬಲ್. ಓ.ಟಿ. ದುಡ್ಡಲ್ಲೇ ಮಗಳಿಗೆ ಓಲೆ ಮಾಡ್ಸಿದ್ದು."

ಮಾಚೇನಹಳ್ಳಿಯಲ್ಲಿ ಬಸ್ಸು ಅರ್ಧ ಖಾಲಿ. ಗಾರ್ಮೆಂಟ್ಸಿನ ಹುಡುಗಿಯರು ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು ದಡದಡ ಇಳಿಯುತ್ತಾರೆ. ಅವರ ಸಂಬಳವೂ ಹೆಚ್ಚೇನಲ್ಲ. ಆದರೆ ಗೇಟಿನಲ್ಲಿ ಹಾಜರಿ ಬೀಳುತ್ತದೆ, ಪಿ.ಎಫ್. ಕಟ್ಟಾಗುತ್ತದೆ, ಜ್ವರ ಬಂದರೆ ಇ.ಎಸ್.ಐ. ಇದೆ. ಇವರು ಆ ಸಾಲನ್ನೇ ನೋಡುತ್ತಾ ಕೂತಿದ್ದಾರೆ. "ನಲವತ್ತೈದಾಯ್ತಲ್ಲ, ಮಿಷಿನ್ ಮೇಲೆ ಕಣ್ಣು ನಿಲ್ಲಲ್ಲ" ಎಂದು ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ.

ಮಲವಗೊಪ್ಪ, ವಿದ್ಯಾನಗರ, ತುಂಗಾ ಸೇತುವೆ. ಶಿವಮೊಗ್ಗದಲ್ಲಿಳಿದು ಗೋಪಾಳದ ಸಿಟಿ ಬಸ್ಸು. ಅದಕ್ಕೆ ಟಿಕೆಟ್ ಇದೆ. ಮನೆಯಿಂದ ಮನೆಗೆ ಒಂದೂಕಾಲು ಗಂಟೆ.

ನನ್ನ ಅಕ್ಕನ ಮಗಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಬಾಗಿಲು ತೆರೆಯುತ್ತಾಳೆ. ಬಂದವರು ಕೈಚಾಚಿ ಮಗುವನ್ನು ಕೇಳುವುದಿಲ್ಲ. ಚಪ್ಪಲಿ ಬಿಟ್ಟು, ಬಚ್ಚಲಿಗೆ ಹೋಗಿ ಮೊಣಕೈತನಕ ಸೋಪು ಹಚ್ಚಿ ತೊಳೆದುಕೊಂಡು, ಬಂದು ಹಾಲ್‌ನ ನಡುವೆ ನೆಲದ ಮೇಲೆ ಕೂರುತ್ತಾರೆ. ಕೂತವರು ಇನ್ನಷ್ಟು ಬಾಗಿ, ಅಂಬೆಗಾಲಿಡುವ ಕೂಸಿನ ಎತ್ತರಕ್ಕೆ ತಲೆ ತಂದು, ಇಡೀ ಕೋಣೆಯನ್ನು ಒಮ್ಮೆ ನೋಡುತ್ತಾರೆ. ಸೋಫಾದ ಅಡಿಗೆ ಅಂಗೈ ಸವರುತ್ತಾರೆ. ಹೊರಬಂದಿದ್ದು ಒಂದು ಹೇರ್‌ಪಿನ್, ಒಂದು ಶರ್ಟಿನ ಗುಂಡಿ, ಎರಡು ಕಡಲೆಬೀಜ. ಅವನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ. ಯಾರನ್ನೂ ಬೈಯುವುದಿಲ್ಲ. ಈ ಮನೆಯನ್ನು ದಿನಾ ಗುಡಿಸಿ ಒರೆಸಿಯೇ ಇಟ್ಟಿದ್ದರು.

ಅಷ್ಟರಲ್ಲಿ ಮಗುವೇ ಅಮ್ಮನ ಸೊಂಟದಿಂದ ಜಗ್ಗಿ ಇವರ ಕಡೆ ವಾಲುತ್ತದೆ.

ಹನ್ನೊಂದಕ್ಕೆ ರಾಗಿ ಸರಿ. ಒಂದು ತೊಟ್ಟು ತಮ್ಮ ಮಣಿಕಟ್ಟಿಗೆ ಬಿಟ್ಟುಕೊಂಡು ಬಿಸಿ ನೋಡುತ್ತಾರೆ. ಮೂರು ಚಮಚ ತಿಂದು ಮಗು ಮುಖ ತಿರುಗಿಸುತ್ತದೆ. ಅಮ್ಮನಾಗಿದ್ದರೆ ನಾಲ್ಕನೆಯದನ್ನು ತುರುಕುತ್ತಿದ್ದಳು. ಇವರು ಬಟ್ಟಲು ಕೆಳಗಿಟ್ಟು, ಕಿರುಬೆರಳಿನಿಂದ ಒಸಡು ಸವರಿ, "ಹಲ್ಲು ಹೊರಡ್ತಾ ಇದೆ ಮೇಡಂ, ನೋವಿಗೆ ಬೇಡ ಅಂತಿದೆ. ಆರಿದ ಮೇಲೆ ತಿನ್ನುತ್ತೆ" ಅನ್ನುತ್ತಾರೆ. ಹತ್ತು ನಿಮಿಷ ಬಿಟ್ಟು ತಣ್ಣಗಿನ ಸರಿಯನ್ನು ಮಗು ಬಟ್ಟಲು ಖಾಲಿಯಾಗುವ ತನಕ ತಿನ್ನುತ್ತದೆ.

ನನ್ನ ಅಕ್ಕನ ಮಗಳ ಕಣ್ಣಲ್ಲಿ ನೀರು. ಆರು ತಿಂಗಳಿಂದ ನಿದ್ದೆಗೆಟ್ಟವಳು ಅವಳು. ಕಟುಕಿಯಲ್ಲ. ಮನೆಯ ಸಾಲದ ಕಂತು, ಕಾರಿನ ಕಂತು, ಊರಿಗೆ ಕಳಿಸುವುದು, ಎಲ್ಲ ಕಳೆದು ಕೊನೆಗೆ ಉಳಿದಿದ್ದು ಐದು ಸಾವಿರ. ಅದನ್ನೇ ಸಂಬಳ ಎಂದು ಕರೆದಿದ್ದಾಳೆ. ತಪ್ಪು ಅಲ್ಲೇ ಇದೆ. ಕಾರಿನ ಕಂತನ್ನು ನಮ್ಮಲ್ಲಿ ಉಳಿದಷ್ಟು ಕಟ್ಟುತ್ತೇವೆ ಎಂದು ಬ್ಯಾಂಕಿಗೆ ಯಾರೂ ಹೇಳುವುದಿಲ್ಲ. ಮಗು ನೋಡಿಕೊಳ್ಳುವವರಿಗೆ ಮಾತ್ರ ಹಾಗೆ ಹೇಳುತ್ತೇವೆ.

ಮಗು ನಿದ್ದೆಹೋದ ಮೇಲೆ ಮಾತಿಗೆ ಕೂರುತ್ತೇವೆ. ಬ್ಯಾಂಕಿನಿಂದ ಊಟಕ್ಕೆ ಬಂದ ಅಳಿಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ತರುತ್ತಾನೆ. ದಿನಕ್ಕೆ ಹತ್ತೂವರೆ ಗಂಟೆ, 26 ದಿನ: 273 ಗಂಟೆ. ಐದು ಸಾವಿರವನ್ನು ಭಾಗಿಸುತ್ತಾನೆ. ಗಂಟೆಗೆ 18 ರೂಪಾಯಿ 31 ಪೈಸೆ. ಪೆನ್ನು ಅಲ್ಲೇ ನಿಲ್ಲುತ್ತದೆ.

"ಈಗ ಅಡಿಕೆ ಸುಲಿಯೋ ಕಾಲ" ಎನ್ನುತ್ತಾರೆ ಇವರು, ತಲೆ ಎತ್ತದೆ. "ಕತ್ತಿ ಮುಂದೆ ಕೂತ್ರೆ ಇದಕ್ಕಿಂತ ಜಾಸ್ತಿ ಹುಟ್ಟುತ್ತೆ. ಅಡಿಕೆ ಅಳಲ್ಲ, ಬೀಳಲ್ಲ ಮೇಡಂ."

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳೆತ್ತುವವರಿಗೆ ಸಿಗುತ್ತಿದ್ದುದು ಅದು. ಆ ಕೂಲಿಕಾರರ ಕೂಸುಗಳನ್ನು ನೋಡಿಕೊಳ್ಳಲು ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದಿದ್ದಾರೆ. ಅಲ್ಲಿನ ಆರೈಕೆದಾರರಿಗೂ ಇದೇ ಕೂಲಿಯ ಲೆಕ್ಕ. ಹಳ್ಳಿಯಲ್ಲಿ ಕೂಸಿನ ಆರೈಕೆ ಕೆಲಸ ಎನಿಸಿಕೊಂಡಾಗ, ಗೋಪಾಳದ ಎರಡಂತಸ್ತಿನ ಮನೆಯಲ್ಲಿ ಅದು 'ಅಷ್ಟೇ' ಹೇಗಾಗುತ್ತದೆ? ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದು ಕರ್ನಾಟಕ 2004ರಲ್ಲೇ ಆದೇಶ ಹೊರಡಿಸಿತ್ತು. ಮನೆಕೆಲಸದವರ ನೋಂದಣಿ, ಕಲ್ಯಾಣ ಮಂಡಳಿಯ ಮಾತಿರುವ ಕರಡು ಮಸೂದೆಯೂ 2025ರಲ್ಲಿ ಬಂದಿದೆ. ಆದರೆ ಮನೆಯ ಬಾಗಿಲೊಳಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಲೆಕ್ಕ ಹಾಕಬೇಕಾದವರು ನಾವೇ.

ಹಾಕಿದೆವು. 370ನ್ನು ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ.

"ಎಂಟು ಗಂಟೆ ಮೇಲಿನದು?" ಎಂದು ಕೇಳುತ್ತಾನೆ ಅಳಿಯ.

"ಓ.ಟಿ." ಎನ್ನುತ್ತಾರೆ ಭದ್ರಾವತಿಯವರು. ದನಿ ಏರಿಲ್ಲ. "ಡಬಲ್."

ದಿನಕ್ಕೆ ಹತ್ತೂವರೆ ಗಂಟೆಗೆ ಆ ಲೆಕ್ಕದಲ್ಲಿ ತಿಂಗಳಿಗೆ 15,632 ರೂಪಾಯಿ ಆಗುತ್ತದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಅಷ್ಟು ಅವರಿಂದ ಆಗದು, ಅದೂ ನಿಜ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದು ಆ 26 ವಾರ ಕೊಟ್ಟ ಕಾನೂನೇ ಹೇಳಿದೆ. ಅವಳ ಕಾಲೇಜಿನಲ್ಲಿ ಇಲ್ಲ. ಇದ್ದಿದ್ದರೆ ಈ ಹಾಳೆಯ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ. ಅಂಗನವಾಡಿಗೆ ಕಳಿಸಲು ಮಗುವಿಗೆ ಮೂರು ತುಂಬಬೇಕು.

ಹಾಗಾಗಿ ಸಂಬಳ ಇಳಿಸುವ ಬದಲು ಗಂಟೆ ಇಳಿಸುತ್ತಾರೆ. ಎಂಟೂವರೆಯಿಂದ ಐದೂವರೆ, ಒಂಬತ್ತು ಗಂಟೆ. ಸಂಜೆ ಅಳಿಯ ಬೇಗ ಬರಬೇಕು, ಆಗದ ದಿನ ಇವಳು ಕೊನೆಯ ತರಗತಿ ಅದಲು ಬದಲು ಮಾಡಿಕೊಳ್ಳಬೇಕು. ಒಂದು ಗಂಟೆಯ ಓ.ಟಿ. ಸೇರಿ 12,025. ಸಿಟಿ ಬಸ್ಸಿನ ದುಡ್ಡು ಬೇರೆ. ಮಗುವಿನ ಬಟ್ಟೆ ಬಿಟ್ಟು ಇನ್ಯಾರ ಬಟ್ಟೆಯನ್ನೂ ಒಗೆಯುವುದಿಲ್ಲ. ಇವರು ಊರಿಗೆ ಹೋದರೆ ಸಂಬಳ ಹಿಡಿಯಬಹುದು, ಮನೆಯವರೇ ಊರಿಗೆ ಹೋದರೆ ಸಂಬಳ ಹಿಡಿಯುವಂತಿಲ್ಲ. ಈ ಕೊನೆಯದನ್ನು ಬರೆಸಿದ್ದು ಅವರೇ. ಮೂರು ಮನೆಗಳಲ್ಲಿ ಬೇಸಿಗೆ ರಜೆಯ ಸಂಬಳ ಕಳೆದುಕೊಂಡಿದ್ದರಂತೆ. ಕಾರಿನಲ್ಲಿ ಕಾಲೇಜಿಗೆ ಹೋಗುವುದನ್ನು ಬಿಟ್ಟು ಸ್ಕೂಟರಿನಲ್ಲಿ ಹೋಗುತ್ತೇನೆ ಎಂದು ನನ್ನ ಅಕ್ಕನ ಮಗಳು ತಾನಾಗಿಯೇ ಹೇಳುತ್ತಾಳೆ.

ಹಾಳೆಯ ಕೆಳಗೆ ಮೂವರ ಸಹಿ. ಒಂದು ಫೋಟೊ ಮನೆಯವರ ಫೋನಿಗೆ, ಒಂದು ಇವರ ಫೋನಿಗೆ.

ಸಂಜೆ ಐದೂವರೆ. ಮಗು ಎದ್ದು ಅಳುತ್ತಿದೆ, ಇವರು ಹೊಸಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದಾರೆ. ಒಂದು ಕ್ಷಣ ತಿರುಗಿ ನೋಡುತ್ತಾರೆ, ನಿಲ್ಲುವುದಿಲ್ಲ. ಜನ್ನಾಪುರದಲ್ಲಿ ಅವರ ಅತ್ತೆ ಒಬ್ಬರೇ ಇದ್ದಾರೆ.

ಒಳಗಿನಿಂದ ನನ್ನ ಅಕ್ಕನ ಮಗಳು ಕೂಗಿ ಕೇಳುತ್ತಾಳೆ: "ಚಿಕ್ಕಮ್ಮ, ಅವರಿಗೆ ಬಸ್ಸು ಸಿಗುತ್ತಾ ಕೇಳಿ."

ನೀವೂ ನಿಮ್ಮ ಮಗುವಿಗೆ ಯಾರನ್ನಾದರೂ ಹುಡುಕುತ್ತಿದ್ದರೆ, ದಯವಿಟ್ಟು ಸಂಬಳ ಹೇಳುವ ಮೊದಲು ಗಂಟೆಗಳನ್ನು ಎಣಿಸಿ, ಒಂದು ಹಾಳೆಯ ಮೇಲೆ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ ಅವರ ಕೈಗೆ ಕೊಡಿ.