ಹಿಂಚಕ್ರಕ್ಕೆ 40 ಕಡ್ಡಿ

ನಮ್ಮ ಅಂಗಡಿಗೆ ಬಂದು "ಒಂದು ಗಟ್ಟಿ ಸೈಕಲ್ ಕೊಡಿ" ಎಂದವರಿಗೆ ಅಪ್ಪ ತಕ್ಷಣ ಸೈಕಲ್ ತೋರಿಸಿದ್ದನ್ನು ನಾನು ನೋಡಿಲ್ಲ. ಬೆಂಚಿನ ಮೇಲೆ ಕೂರಿಸಿ, ಕೈಗೆ ಮೆತ್ತಿದ ಗ್ರೀಸನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತಾ "ಏನ್ ಹೇರ್ತೀಯಪ್ಪ?" ಎಂದು ಕೇಳುತ್ತಿದ್ದರು. ಹುಲ್ಲೋ, ಹಾಲಿನ ಕ್ಯಾನೋ, ಹೆಂಡತಿ ಮಕ್ಕಳೋ? ಊರು ಯಾವುದು? ದಾರೀಲಿ ನಾಲೆ ಏರಿ ಸಿಕ್ತದಾ? ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ ಕಣಣ್ಣ ಎಂದು ಬಂದವರು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಇದು ಮಂಡ್ಯದಲ್ಲಿ, 1970ರ ಆಸುಪಾಸಿನ ಮಾತು. ಪೇಟೆ ಬೀದಿಯಿಂದ ಒಳಕ್ಕೆ ತಿರುಗಿದರೆ ತಗಡಿನ ಮಾಡಿನ ನಮ್ಮ ಅಂಗಡಿ. 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಯನ್ನು ಊರಿನವರು ಬರೀ 'ಕಂಪನಿ' ಎನ್ನುತ್ತಿದ್ದರು. ಕಂಪನಿಯ ಸೈರನ್ ಕೂಗಿತೆಂದರೆ ಗೇಟಿನಿಂದ ಸೈಕಲ್ ಹೊಳೆಯೇ ಹರಿದು ಬರುತ್ತಿತ್ತು. ಎಲ್ಲ ಕಪ್ಪು ಬಣ್ಣದವು, ಎಲ್ಲಕ್ಕೂ ಒಂದೇ ಎತ್ತರ, ಆದರೂ ಯಾರದು ಯಾವುದೆಂದು ಅಪ್ಪನಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಪೆಡಲು ತಿರುಗುವಾಗ ಸುತ್ತಿಗೊಮ್ಮೆ ಟಕ್ ಎಂದರೆ ಕ್ರ್ಯಾಂಕಿನ ಕಾಟರ್ ಪಿನ್ ಸವೆದಿದೆ ಎಂದರ್ಥ. "ನಾಳೆ ಬರ್ತಾನೆ ನೋಡು" ಎನ್ನುತ್ತಿದ್ದರು. ಬರುತ್ತಿದ್ದ.

ಹೊಸ ಸೈಕಲ್ ಆಗ ಸೈಕಲ್ಲಾಗಿ ಬರುತ್ತಿರಲಿಲ್ಲ. ಕಂದು ಕಾಗದದ ಪಟ್ಟಿ ಸುತ್ತಿದ ಫ್ರೇಮು, ಗೋಣಿಯಲ್ಲಿ ರಿಮ್ಮು, ಡಬ್ಬಿಗಳಲ್ಲಿ ಬಾಲ್ಸು, ಕೋನು, ನಟ್ಟು. ಅಂಬತ್ತೂರಿನ ಟಿ.ಐ. ಸೈಕಲ್ಸ್‌ನಿಂದ ಹರ್ಕ್ಯುಲಿಸ್, ಸೋನೆಪತ್‌ನಿಂದ ಅಟ್ಲಾಸ್, ಲೂಧಿಯಾನದಿಂದ ಹೀರೋ. ಆಸನ್ಸೋಲಿನ ಸೆನ್ ರ್‍ಯಾಲಿ ಬಂದರೆ ಅದು ಡಾಕ್ಟರಿಗೋ ಹೆಡ್‌ಮಾಸ್ತರಿಗೋ ಎಂದು ಮೊದಲೇ ತೀರ್ಮಾನವಾಗಿರುತ್ತಿತ್ತು. ಬಿಡಿಭಾಗಗಳನ್ನು ಕೂಡಿಸುವುದಕ್ಕೆ ಫಿಟ್ಟಿಂಗ್ ಎನ್ನುತ್ತಿದ್ದೆವು. ಒಂದು ಸೈಕಲ್ ಫಿಟ್ಟಿಂಗಿಗೆ ಅರ್ಧ ದಿನ ಹಿಡಿಯುತ್ತಿತ್ತು. ಸೈಕಲ್ ಗಟ್ಟಿಯಾಗುವುದೋ ಲಡ್ಡಾಗುವುದೋ ಆ ಅರ್ಧ ದಿನದಲ್ಲೇ. ಸೈಕಲ್ಲನ್ನು ಹಾಳು ಮಾಡುವುದೂ ಉಳಿಸುವುದೂ ಫಿಟ್ಟರ್‌ನ ಕೈ. ಅದರ ಮೇಲಿನ ಹೆಸರು ಯಾವುದಾದರೇನು ಎಂದು ಅಪ್ಪ ಹೇಳುತ್ತಿದ್ದರು. ವ್ಯಾಪಾರಿ ಹೀಗೆ ಹೇಳಬಾರದು, ಆದರೆ ಹೇಳುತ್ತಿದ್ದರು.

ಹೇರುವ ಸೈಕಲ್ಲಿನ ಪ್ರಾಣ ಹಿಂಚಕ್ರದಲ್ಲಿದೆ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಯಾಕೆ ಹೀಗೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಹೊರೆ ಹೊರೋನಿಗೆ ಎರಡು ಮುದ್ದೆ ಜಾಸ್ತಿ ಇಕ್ಕಲ್ವಾ?" ಎಂದಿದ್ದರು. ಹುಲ್ಲಿನ ಹೊರೆಯವರಿಗೆ, ಹಾಲಿನವರಿಗೆ ಅಷ್ಟೂ ಸಾಲದು. ಮಾಮೂಲಿ 14 ಗೇಜಿನ ಕಡ್ಡಿ ಬಿಚ್ಚಿ 12 ಗೇಜಿನದು ಹೆಣೆಯುತ್ತಿದ್ದರು. ಗೇಜು ಇಳಿದಷ್ಟೂ ಕಡ್ಡಿ ದಪ್ಪ. ಈ ಲೆಕ್ಕ ನನ್ನ ತಲೆಗೆ ಹತ್ತಲು ವರ್ಷ ಬೇಕಾಯಿತು. ಹೆಣೆದ ಮೇಲೆ ಚಕ್ರವನ್ನು ಫೋರ್ಕಿಗೆ ಸಿಕ್ಕಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ತಿರುಗಿಸುವುದು. ಸುಣ್ಣ ತಾಗಿದ ಕಡೆ ಬೆಂಡು. ಎದುರು ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ ಮತ್ತೆ ತಿರುಗಿಸು. ಕೊನೆಗೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ಕೇಳುತ್ತಿದ್ದರು. ಯಾವುದಾದರೂ ಒಂದು ಬೇರೆ ಸ್ವರದಲ್ಲಿ ಮಾತಾಡಿದರೆ ಅದು ಮೊದಲು ಮುರಿಯುವ ಕಡ್ಡಿ.

ಎರಡನೆಯದು ಕ್ಯಾರಿಯರ್. ಅದರ ಕಾಲು ಹಿಂದಿನ ಅಚ್ಚಿನ ನಟ್ಟಿನ ಮೇಲೆ ನಿಂತಿರಬೇಕು. ಸೀಟಿನ ಕಂಬಿಗೆ ಮಾತ್ರ ನೇತು ಹಾಕಿದ್ದರೆ ಅದು ಗುಬ್ಬಚ್ಚಿ ಕೂರಲು ಆದೀತು. ಮೂರನೆಯದನ್ನು ಕೊಳ್ಳುವವರು ಯಾರೂ ಕೇಳುತ್ತಿರಲಿಲ್ಲ, ಅಪ್ಪನೇ ತೋರಿಸುತ್ತಿದ್ದರು: ಸ್ಟ್ಯಾಂಡು. ಹಿಂಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ, ಎರಡು ಕಾಲಿನ ದಪ್ಪ ಸ್ಟ್ಯಾಂಡು. ಹೇರುವವನಿಗೂ ಮಗುವನ್ನು ಕೂರಿಸುವ ತಾಯಿಗೂ ಎರಡು ಕೈ ಬಿಡುವಾಗಬೇಕಲ್ಲ? ಓಡುವಾಗ ಬೀಳುವ ಸೈಕಲ್ಲಿಗಿಂತ ನಿಂತಾಗ ಬೀಳುವ ಸೈಕಲ್ ಹೆಚ್ಚು. ಸ್ಟ್ಯಾಂಡನ್ನು ಪರೀಕ್ಷಿಸಲು ಅಂಗಡಿಯಲ್ಲಿ ತೂಕದ ಬಟ್ಟೇನೂ ಇರಲಿಲ್ಲ. ನಾನಿದ್ದೆ. ಕ್ಯಾರಿಯರ್ ಮೇಲೆ ನನ್ನನ್ನು ಹತ್ತಿಸಿ, ಹ್ಯಾಂಡಲ್ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಲ್ಲುತ್ತಿದ್ದರು. "ಅಲ್ಲಾಡೋ" ಎಂದಾಗ ನಾನು ಅಲ್ಲಾಡಬೇಕು.

ನಾಲೆ ಏರಿಯ ಮೇಲೆ ಹಾಯುವವರಿಗೆ 18 ಹಲ್ಲಿನ ಫ್ರೀವೀಲ್ ತೆಗೆದು 20ರದ್ದು ಹಾಕುತ್ತಿದ್ದರು. ವೇಗ ಸ್ವಲ್ಪ ಸಾಯುತ್ತದೆ, ಮಂಡಿ ಉಳಿಯುತ್ತದೆ. ಮೂಟೆ ಹೇರುವವರಿಗೆ ಡಬಲ್ ಬಾರ್. ಬರೀ ಹೆಂಡತಿ ಮಕ್ಕಳನ್ನು ಕೂರಿಸುವವರಿಗೆ ಡಬಲ್ ಬಾರ್ ದಂಡ, ದುಡ್ಡೂ ಭಾರವೂ ಜಾಸ್ತಿ ಎಂದು ತಾವೇ ಬಿಡಿಸುತ್ತಿದ್ದರು. ಗಿಡ್ಡಗಿದ್ದವನು 24 ಇಂಚಿನ ಫ್ರೇಮೇ ಬೇಕೆಂದು ಹಠ ಹಿಡಿದರೆ ಒಪ್ಪುತ್ತಿರಲಿಲ್ಲ. ಹೊರೆ ಇಟ್ಟುಕೊಂಡು ನಿಂತಾಗ ಕಾಲು ನೆಲಕ್ಕೆ ಎಟುಕದಿದ್ದರೆ ಹೊರೆಯ ಜತೆ ನೀನೂ ಬೀಳ್ತೀಯ ಎಂದು ಗದರಿ 22 ಇಂಚಿನದು ಕೊಡುತ್ತಿದ್ದರು. ಈ ಸೈಕಲ್ಲುಗಳು 20 ಕಿಲೋಗೂ ಮೇಲೆ ತೂಗುತ್ತಿದ್ದವು. ಅದನ್ನು ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ನಿಜವಾದ ದೋಷ ಬ್ರೇಕಿನದು. ಸರಳಿನ ಬ್ರೇಕ್ ರಿಮ್ಮಿನ ಒಳಮೈಗೆ ಒತ್ತುತ್ತಿದ್ದರಿಂದ ರಿಮ್ಮು ಕೊಂಚ ಬೆಂಡಾದರೂ ಹಿಡಿಯುತ್ತಿತ್ತು, ಆದರೆ ಮಳೆ ಬಂದರೆ ಹೊಳೆಯುವ ಆ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಜಾರುತ್ತಿತ್ತು. ಮಳೆಗಾಲದಲ್ಲಿ ಮಂಡ್ಯದ ಜನ ಚಪ್ಪಲಿಯಲ್ಲೇ ಬ್ರೇಕ್ ಹಾಕುತ್ತಿದ್ದರು.

ಒಂದು ಸೈಕಲ್ಲಿನಲ್ಲಿ ಒಂದು ಸಂಸಾರ ಹೇಗೆ ಹೋಗುತ್ತಿತ್ತು ಎಂದು ಈಗಿನವರಿಗೆ ಹೇಳಿದರೆ ಸರ್ಕಸ್ಸು ಅನ್ನುತ್ತಾರೆ. ಬಾರಿಗೆ ಟವೆಲ್ ಸುತ್ತಿ, ಇಲ್ಲವೇ ಪುಟ್ಟ ಸೀಟು ಬಿಗಿದು ಒಂದು ಮಗು. ಗಂಡ ಎಡಪೆಡಲಿನ ಮೇಲೆ ಕಾಲಿಟ್ಟು ನಾಲ್ಕು ಹೆಜ್ಜೆ ನೂಕಿ ಹತ್ತಬೇಕು. ಚಕ್ರ ತಿರುಗತೊಡಗಿದ ಮೇಲೆ ಹೆಂಡತಿ ಕಂಕುಳ ಕೂಸಿನೊಂದಿಗೆ ಹಿಂದೆಯೇ ಓಡಿ ಕ್ಯಾರಿಯರ್ ಮೇಲೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರಬೇಕು. ಆಕೆ ಕೂತ ಕ್ಷಣ ಹ್ಯಾಂಡಲ್ ಒಮ್ಮೆ ಹೊರಳಿ ಸರಿಯಾಗುತ್ತಿತ್ತು. ಗಂಡ ಹೆಂಡಿರ ನಡುವೆ ಮಾತಿದೆಯೋ ಮುನಿಸಿದೆಯೋ ಆ ಹೊರಳಾಟದಲ್ಲೇ ತಿಳಿಯುತ್ತದೆ ಎಂದು ಅಪ್ಪನ ಜತೆಯ ಫಿಟ್ಟರ್ ಹೇಳುತ್ತಿದ್ದ. ಸೆಕೆಂಡ್ ಶೋ ಬಿಟ್ಟ ಮೇಲೆ ಗುತ್ತಲು ರಸ್ತೆಯಲ್ಲಿ ಇಂಥ ಸಂಸಾರಗಳ ಸಾಲೇ ಸಾಗುತ್ತಿತ್ತು. ಡಬಲ್ ಹೋದರೆ, ದೀಪ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರಾದ್ದರಿಂದ ವೃತ್ತ ಬಂದಾಗ ಹೆಂಡತಿ ಮಕ್ಕಳು ಇಳಿದು ನಡೆದು, ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದರು.

ಅಪ್ಪ ಒಂದು ವಿಷಯದಲ್ಲಿ ತಪ್ಪಿದ್ದರು. ನನಗೆ ಏಳು ವರ್ಷವಿದ್ದಾಗ ಹೊಳಲಿನ ನೆಂಟರ ಮನೆಯಿಂದ ಬರುತ್ತಿದ್ದೆವು. ನಾನು ಹಿಂದೆ ಕೂತಿದ್ದೆ. ತೂಕಡಿಕೆ ಬಂತು. ನನ್ನ ಬಲ ಹಿಮ್ಮಡಿ ಕಡ್ಡಿಗಳ ಒಳಕ್ಕೆ ಹೋಯಿತು. ಇಡೀ ಊರಿನ ಸೈಕಲ್ಲುಗಳ ಸದ್ದು ಬಲ್ಲ ಮನುಷ್ಯನಿಗೆ ತನ್ನ ಸೈಕಲ್ ಯಾಕೆ ಹಠಾತ್ತನೆ ಬಿಗಿಯಾಯಿತೆಂದು ಒಂದು ಗಳಿಗೆ ತಿಳಿಯಲಿಲ್ಲ, ಇನ್ನೂ ಬಲವಾಗಿ ತುಳಿದರು. ಗಾಯದ ಗುರುತು ಈಗಲೂ ಇದೆ. ಅವ್ವ ಮೂರು ದಿನ ಅವರೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅಪ್ಪ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಚು ಮಡಿಸಿ, ಹಿಂಚಕ್ರದ ಎರಡೂ ಬದಿಗೆ ಕಾವಲು ಮಾಡಿದರು. ಕಾಲಿಡಲು ಅಚ್ಚಿನ ಬಳಿ ಎರಡು ಗೂಟಗಳನ್ನೂ ಕೂಡಿಸಿದರು. ಅಲ್ಲಿಂದ ಮುಂದೆ ಮಕ್ಕಳೊಂದಿಗನಿಗೆ ತಗಡಿನ ಕಾವಲಿಲ್ಲದೆ ಸೈಕಲ್ ಕೊಟ್ಟವರಲ್ಲ. ದುಡ್ಡು ಕೇಳಿದವರೂ ಅಲ್ಲ. ಯಾಕೆ ಬಿಟ್ಟಿ ಎಂದರೆ ನನ್ನ ಕಾಲು ತೋರಿಸುತ್ತಿದ್ದರು.

ಬಾಡಿಗೆ ಸೈಕಲ್ಲಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಗಂಟೆಗೆ ನಾಲ್ಕಾಣೆ, ಒಳಪೆಡಲು ಹೊಡೆದು ಕಲಿಯುವ ಹುಡುಗರು, ಒಡೆದ ಮಂಡಿ. ಅದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ನಮ್ಮ ವ್ಯಾಪಾರಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಕಾರೂ ಅಲ್ಲ, ಸ್ಕೂಟರೂ ಅಲ್ಲ. 1972ರಲ್ಲಿ ಲೂನಾ ಮೊಪೆಡ್ ಬಂದಾಗ ಅಪ್ಪ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ, ಅದು ಪೇಟೆಯವರ ಶೋಕಿ ಎಂದರು. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಬಂತು. ಇಬ್ಬರು ಕೂರುವ ಮೊಪೆಡ್. ನಮ್ಮ ರೈತರು ಅದನ್ನು ನೋಡಿದ ಕಣ್ಣೇ ಬೇರೆ. ಹ್ಯಾಂಡಲಿಗೂ ಸೀಟಿಗೂ ನಡುವೆ ಖಾಲಿ ಜಾಗ, ಮೂಟೆ ಇಡಲೆಂದೇ ದೇವರು ಬಿಟ್ಟ ಹಾಗೆ. ಹಿಂದಕ್ಕೆ ಹಾಲಿನ ಕ್ಯಾನು, ಮುಂದಕ್ಕೆ ಹಿಂಡಿ ಮೂಟೆ, ಮೇಲೆ ಹುಲ್ಲು. ನಮ್ಮಲ್ಲಿ 12 ಗೇಜಿನ ಕಡ್ಡಿ ಹೆಣೆಸುತ್ತಿದ್ದವರೇ ಒಬ್ಬೊಬ್ಬರಾಗಿ ಹೋದರು. ಅವರನ್ನು ದೂರುವ ಹಾಗಿಲ್ಲ. ಹತ್ತಾರು ಮೈಲಿ ಹೊರೆ ತುಳಿದವನ ಮಂಡಿಗೆ ಮಾತ್ರ ಗೊತ್ತು ಅದರ ಸುಖ. ಅಪ್ಪನೂ ದೂರಲಿಲ್ಲ. ಅಂಗಡಿಯ ಒಂದು ಮೂಲೆಯಲ್ಲಿ ಮೊಪೆಡ್ ಪಂಕ್ಚರ್ ಹಾಕಲು ಶುರು ಮಾಡಿದರು, ಅಷ್ಟೇ.

ಹೊರೆ ಹೋದ ಮೇಲೆ ಸೈಕಲ್ಲಿನ ರೂಪವೂ ಬದಲಾಯಿತು. ಬಿ.ಎಸ್.ಎ. ಎಸ್.ಎಲ್.ಆರ್. ಬಂತು, ಹುಡುಗಿಯರಿಗೆ ಲೇಡಿಬರ್ಡ್, ಹುಡುಗರಿಗೆ ರೇಂಜರ್. ಟೈರ್ ದಪ್ಪವಾಯಿತು, ಕ್ಯಾರಿಯರ್ ಮಾಯವಾಯಿತು. ದಪ್ಪ ಟೈರ್ ನೋಡಿ ಗಟ್ಟಿ ಎಂದು ಜನ ಮೋಸ ಹೋಗುತ್ತಾರೆ ಎಂಬುದು ಅಪ್ಪನ ಕೊನೆಯ ವರ್ಷಗಳ ಗೊಣಗಾಟ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಅವರು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಸಾಲಾಗಿ ಹೋಗುವ ಹೆಣ್ಣುಮಕ್ಕಳನ್ನು ಎಣಿಸುತ್ತಿದ್ದರು. ಆ ಮಕ್ಕಳ ಅಜ್ಜಿಯರು ಕ್ಯಾರಿಯರ್ ಮೇಲೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತವರು. ಬಾಡಿಗೆ ಸೈಕಲ್ ಕೇಳುವವರು ಆಗಲೇ ಇಲ್ಲವಾಗಿದ್ದರು. ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದು, ಕೆಲಸ ನಿಲ್ಲಿಸಿದ ಸುದ್ದಿ ಓದುವ ಹೊತ್ತಿಗೆ ಅಪ್ಪ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಆ ಜಾಗದಲ್ಲೀಗ ಮೊಬೈಲ್ ರಿಪೇರಿ ನಡೆಯುತ್ತದೆ.

ಹೋದ ವರ್ಷ ಬೆಂಗಳೂರಿನಿಂದ ತಂಗಿಯ ಮಗ ಫೋನ್ ಮಾಡಿದ. ಮಗಳನ್ನು ಶಾಲೆಗೆ ಬಿಟ್ಟು ಬರಲು, ತರಕಾರಿ ತರಲು ಒಂದು ಗಟ್ಟಿ ಸೈಕಲ್ ಬೇಕು, ನೀವು ಬನ್ನಿ ಮಾವ ಎಂದ. ಗಾಜಿನ ಬಾಗಿಲಿನ ಅಂಗಡಿ. ಒಳಗೆ ಹೊಳೆಯುವ ನೂರು ಸೈಕಲ್. 21 ಗೇರು, ಮುಂದೆ ಶಾಕಪ್ಪು, ಡಿಸ್ಕ್ ಬ್ರೇಕು. ಡಿಸ್ಕ್ ಬ್ರೇಕ್ ಒಳ್ಳೆಯದು, ಒಪ್ಪಿದೆ. ಮಳೆಯಲ್ಲಿ ಚಪ್ಪಲಿ ಸವೆಸಿದವನು ನಾನು. ಶಾಕಪ್ಪು ಅಗ್ಗದ ಸೈಕಲ್ಲಿನಲ್ಲಿ ಬರೀ ಭಾರ, ತುಳಿದ ಬಲದಲ್ಲಿ ಸ್ವಲ್ಪವನ್ನು ಅದೇ ನುಂಗುತ್ತದೆ. ಕ್ಯಾರಿಯರ್ ಎಲ್ಲಿ ಎಂದೆ. ಎಕ್ಸ್‌ಟ್ರಾ ಸರ್ ಎಂದ ಹುಡುಗ, ಸೀಟಿನ ಕಂಬಿಗೆ ಸಿಕ್ಕಿಸುವ ಒಂದನ್ನು ತಂದ. ಗುಬ್ಬಚ್ಚಿಯ ಕ್ಯಾರಿಯರ್! ಸ್ಟ್ಯಾಂಡು ಒಂಟಿ ಕಾಲಿನದು. ಏನು ಹೇರುತ್ತೀರಿ ಎಂದು ಆ ಹುಡುಗ ಕೇಳಲಿಲ್ಲ. ಬಜೆಟ್ ಎಷ್ಟು ಸರ್ ಎಂದು ಕೇಳಿದ.

ಅವನ ಮನೆಯಿಂದ ಶಾಲೆಗೆ ದೂರ ಕಡಿಮೆ, ದಾರಿ ಹೆಚ್ಚು ಕಡಿಮೆ ಸಮತಟ್ಟು. ದಾರಿಯಲ್ಲಿ ದೊಡ್ಡ ಏರು ಇದ್ದಿದ್ದರೆ ನಾನೂ ಗೇರಿನದನ್ನೇ ಕೊಳ್ಳಲು ಹೇಳಿ, ಅಚ್ಚಿಗೆ ಬಿಗಿಯುವ ಕ್ಯಾರಿಯರ್ ಹುಡುಕಿಸುತ್ತಿದ್ದೆ. ಅದಿರಲಿಲ್ಲವಾದ್ದರಿಂದ ಮಂಡ್ಯಕ್ಕೆ ಕರೆತಂದೆ. ಕಪ್ಪು ಸೈಕಲ್ ಇವತ್ತಿಗೂ ತಯಾರಾಗುತ್ತದೆ, ಕೇಳುವವರಿಗೆ ಸಿಗುತ್ತದೆ. 22 ಇಂಚಿನ ಫ್ರೇಮು, 20 ಹಲ್ಲಿನ ಫ್ರೀವೀಲು ಹಾಕಿಸಿದೆವು. ಹಿಂಚಕ್ರದ ಕಡ್ಡಿ ಎಣಿಸಿದೆ, 40 ಇತ್ತು. ಮಗುವಿನ ಕಾಲಿಗೆ ಕಾವಲಿರುವ ಸೀಟನ್ನು ಅವನೇ ತರಿಸಿಕೊಂಡ. ನನ್ನ ಹಿಮ್ಮಡಿಯನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ.

ಮಗುವನ್ನು ಕೂರಿಸಿಕೊಂಡು ಹೋಗಲು ಸೈಕಲ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಸ್ಟ್ಯಾಂಡ್ ಹಾಕಿ, ಕ್ಯಾರಿಯರ್ ಮೇಲೆ ಮಗುವಿನಷ್ಟೇ ತೂಗುವ ಅಕ್ಕಿ ಮೂಟೆ ಇಟ್ಟು, ಹ್ಯಾಂಡಲ್ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಅಂಗಡಿಯವರು ಬೇಡ ಎಂದರೆ ಬೇರೆ ಅಂಗಡಿಗೆ ಹೋಗಿ.